ಮಕ್ಕಳು ಹೊರಟ ಮನೆಯೂ ಭೋಗೋಪಭೋಗ ಪರಿಮಾಣವೂ

ಗೃಹಸ್ಥನ ವ್ರತಗಳಲ್ಲಿ ಬಹುಪಾಲು ಅಡುಗೆಮನೆಯಲ್ಲಿಯೇ ಉಳಿಯುತ್ತವೆ, ಇಲ್ಲವೇ ಅಲ್ಲಿಯೇ ಅಳಿಯುತ್ತವೆ. ಅಷ್ಟಮಿ-ಚತುರ್ದಶಿಗಳ ಉಪವಾಸ, ರಾತ್ರಿಭೋಜನ ತ್ಯಾಗ, ಕಂದಮೂಲ ತ್ಯಾಗ ಇವುಗಳ ವಿಚಾರವಾಗಿ ನಾವು ಬಹಳ ಮಾತನಾಡುತ್ತೇವೆ. ಆದರೆ ಉಪವಾಸವಿಲ್ಲದ ದಿನ ಒಲೆಯ ಮೇಲೆ ಎಷ್ಟು ಅಕ್ಕಿ ಏರಬೇಕು, ತಿಂಗಳಿಗೆ ಎಷ್ಟು ಸಾಮಾನು ಮನೆಗೆ ಬರಬೇಕು ಎಂಬ ಪ್ರಶ್ನೆಯನ್ನು ಅಪರೂಪಕ್ಕೆ ಎತ್ತುತ್ತೇವೆ. ಮಕ್ಕಳು ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಮನೆ ಬಿಟ್ಟ ಮೇಲೆ, ಹಿಂದುಳಿದ ಇಬ್ಬರಿಗೆ ಈ ಪ್ರಶ್ನೆ ಎದುರಾಗದೆ ಇರದು. ನನ್ನ ಮನೆಯಲ್ಲಿ ಅದು ಎದುರಾದ ಬಗೆಯನ್ನು ಧರ್ಮಬಂಧುಗಳ ಮುಂದಿಟ್ಟು ವಿಚಾರ ಮಾಡಬಯಸುತ್ತೇನೆ.

ನಮ್ಮದು ಹಾಸನ ಜಿಲ್ಲೆಯ ಒಂದು ಸಣ್ಣ ಊರು. ನಾಲ್ವರು ಮಕ್ಕಳಿದ್ದ ಕಾಲದಲ್ಲಿ ಮಧ್ಯಾಹ್ನದ ಅಡುಗೆಗೆ 5 ಪಾವು ಅಕ್ಕಿ ಬೇಕಾಗುತ್ತಿತ್ತು. ಹೆಣ್ಣುಮಕ್ಕಳಿಬ್ಬರು ಮದುವೆಯಾಗಿ ಹೋದರು. ಹಿರಿಯ ಮಗ ಬೆಂಗಳೂರು ಸೇರಿದನು. ಕೊನೆಯವನು ಪುಣೆಗೆ ಹೊರಟನು. 5 ಪಾವು 3 ಪಾವಿಗೆ ಇಳಿದು ಅಲ್ಲಿಯೇ ನಿಂತಿತು. ನಮ್ಮಿಬ್ಬರಿಗೆ ಒಂದು ಪಾವು ಧಾರಾಳವಾಗಿ ಸಾಕು. ಒಂದು ದಿನ ನಾನು ಇದನ್ನು ಹೇಳಿದಾಗ ನನ್ನ ಧರ್ಮಪತ್ನಿ, "ಮೂರು ಪಾವಾದರೂ ಹಾಕದೆ ಇದ್ರೆ ಅಡುಗೆ ಮಾಡಿದ ಹಾಗೇ ಆಗೋಲ್ಲ ರೀ" ಎಂದಳು. ನಾನೂ ಸುಮ್ಮನಾದೆ.

ಹೀಗೆ ಮಿಕ್ಕ ಅನ್ನಕ್ಕೆ ಇದ್ದ ದಾರಿಗಳನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಮೊದಲನೆಯದು ನನ್ನ ಹೊಟ್ಟೆ. ಅನ್ನ ಹಾಳಾಗಬಾರದೆಂದು ಇನ್ನೊಂದು ತುತ್ತು, ಮತ್ತೊಂದು ತುತ್ತು ಎಂದು ಉಂಡೆ. ಅದನ್ನು ಪುಣ್ಯವೆಂದೂ ಭಾವಿಸಿದೆ. ತತ್ವಾರ್ಥಸೂತ್ರವು ಬಾಹ್ಯತಪಸ್ಸುಗಳ ಎಣಿಕೆಯಲ್ಲಿ ಅನಶನದ ಬೆನ್ನಿಗೇ ಅವಮೌದರ್ಯವನ್ನು, ಎಂದರೆ ಹಸಿವಿಗಿಂತ ಕಡಿಮೆ ಉಣ್ಣುವುದನ್ನು, ಹೇಳಿದೆ. ಚತುರ್ದಶಿಯ ದಿನ ಉಪವಾಸ ಮಾಡಿ ಉಳಿದ ದಿನಗಳಲ್ಲಿ ಹಸಿವಿಗಿಂತ ಹೆಚ್ಚು ಉಣ್ಣುವವನು ಒಂದು ಕೈಯಿಂದ ಕಟ್ಟಿದ್ದನ್ನು ಇನ್ನೊಂದು ಕೈಯಿಂದ ಕೆಡವುತ್ತಿರುತ್ತಾನೆ. ಎರಡು ವರ್ಷಗಳ ಬಳಿಕ ವೈದ್ಯರು ನನ್ನ ರಕ್ತದಲ್ಲಿ ಸಕ್ಕರೆ ಏರಿದೆಯೆಂದಾಗ ಆ ಪುಣ್ಯದ ಲೆಕ್ಕ ತಿಳಿಯಿತು.

ಎರಡನೆಯ ದಾರಿ, ಮರುದಿನಕ್ಕೆ ಇಡುವುದು. ನೀರಿನಂಶವಿರುವ ಬೆಂದ ಆಹಾರ ರಾತ್ರಿ ಕಳೆದರೆ ಅದರಲ್ಲಿ ಜೀವೋತ್ಪತ್ತಿಯಾಗುವುದೆಂದು ನಮ್ಮ ಆಚಾರವು ಅದನ್ನು ನಿಷೇಧಿಸಿದೆ. ಫ್ರಿಜ್ಜಿನಲ್ಲಿ ಇಟ್ಟ ಮಾತ್ರಕ್ಕೆ ಆಹಾರದ ಮರ್ಯಾದೆಯ ಕಾಲ ಬೆಳೆಯುವುದಿಲ್ಲ. ಮೂರನೆಯದು, ನೆರೆಮನೆಯ ಹಸುವಿಗೆ ಹಾಕುವುದು. ಬೆಂದ ಅನ್ನ ಅತಿಯಾದರೆ ಹಸುವಿನ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಅದರ ಪ್ರಾಣಕ್ಕೇ ಅಪಾಯವೆಂದು ಪಶುವೈದ್ಯರೊಬ್ಬರು ಎಚ್ಚರಿಸಿದರು. ದಯೆಯೆಂದುಕೊಂಡದ್ದು ಹಿಂಸೆಗೆ ತಿರುಗುವುದರಲ್ಲಿತ್ತು. ಇನ್ನು ಚೆಲ್ಲುವುದಾದರೆ, ಪ್ರಯೋಜನವಿಲ್ಲದೆ ನೀರು, ಬೆಂಕಿ, ವನಸ್ಪತಿಗಳನ್ನು ಹಾಳುಮಾಡುವುದನ್ನು ಶ್ರಾವಕಾಚಾರವು ಪ್ರಮಾದಚರ್ಯೆಯೆಂಬ ಅನರ್ಥದಂಡವಾಗಿ ಎಣಿಸಿದೆ. ಹೀಗೆ ಪಾತ್ರೆಯೊಳಗೆ ಹೆಚ್ಚಾಗಿ ಬಿದ್ದ ಆ ಎರಡು ಪಾವು ಅಕ್ಕಿಗೆ ಎಲ್ಲಿ ಹೋದರೂ ದೋಷವೇ ಎದುರಾಯಿತು.

ಉಗ್ರಾಣದ ಕಥೆಯೂ ಬೇರೆಯಲ್ಲ. ಸುಗ್ಗಿಯಲ್ಲಿ ವರ್ಷದ ಅಕ್ಕಿ, ಬೇಳೆ, ಕಾಳುಗಳನ್ನು ತುಂಬಿಡುವುದು ಹಿರಿಯರ ಕಾಲದ ಪದ್ಧತಿ. ಆರು ಜನ ಉಣ್ಣುವಾಗ ಡಬ್ಬಗಳು ಹುಳು ಬೀಳುವ ಮುನ್ನವೇ ಬರಿದಾಗುತ್ತಿದ್ದವು. ಇಬ್ಬರಾದ ಮೇಲೆ ರಾಗಿಯೇನೋ ಕೆಡದೆ ಉಳಿಯಿತು. ಆದರೆ ಮಳೆಗಾಲದಲ್ಲಿ ಅಕ್ಕಿಯ ಡಬ್ಬ ತೆರೆದಾಗ ಕಪ್ಪು ಹುಳುಗಳು ಹರಿದಾಡುತ್ತಿದ್ದವು. ಬಿಸಿಲಿಗೆ ಹರಡಿದರೆ ಅವು ಸಾಯುತ್ತವೆ, ಹರಡದಿದ್ದರೆ ಬೆಳೆಯುತ್ತವೆ. ತ್ರಸಜೀವಿಗಳಿಗೆ ನೆರಳಲ್ಲಿ ದಾರಿಮಾಡಿ ಬಿಡಲು ನಾವಿಬ್ಬರು ಒಂದು ಇಡೀ ದಿನ ಮೊರ ಹಿಡಿದು ಕುಳಿತೆವು. ಎಲ್ಲವನ್ನೂ ಉಳಿಸಿದೆವೆಂದು ಹೇಳಲಾರೆ. ಅಂದು ನನಗೆ ಹೊಳೆದದ್ದು ಇಷ್ಟು: ಹಿಂಸೆ ನಡೆದದ್ದು ಆ ದಿನವಲ್ಲ, ಸಂತೆಯಲ್ಲಿ ಮೂಟೆ ಕೊಂಡ ದಿನ.

ಆದರೂ ವ್ರತದ ಲೆಕ್ಕದಲ್ಲಿ ನಾನು ತಪ್ಪಿರಲಿಲ್ಲ! ಮಕ್ಕಳು ಚಿಕ್ಕವರಿದ್ದಾಗ ಮುನಿಗಳ ಸಾನ್ನಿಧ್ಯದಲ್ಲಿ ನಾನು ಸ್ವೀಕರಿಸಿದ ಪರಿಗ್ರಹ ಪರಿಮಾಣದಲ್ಲಿ ಧಾನ್ಯಕ್ಕೂ ಮಿತಿಯಿತ್ತು. ಅದು ಆರು ಜನರ ಮನೆಗೆ ಹಾಕಿಕೊಂಡ ಮಿತಿ. ಮನೆ ಬರಿದಾದ ಮೇಲೆ ಆ ಮಿತಿ ನನ್ನನ್ನು ಎಲ್ಲಿಯೂ ತಡೆಯದಾಯಿತು. ಇಲ್ಲಿಯೇ ವಿಚಾರಣೀಯವಾದ ಪ್ರಶ್ನೆ ಏಳುತ್ತದೆ. ಸಂಖ್ಯೆ ಮುರಿಯದಿದ್ದರೆ ವ್ರತ ಪಾಲನೆಯಾಯಿತೇ? ಅಥವಾ ಬಾಳು ಬದಲಾದಾಗ ಮಿತಿಯನ್ನೂ ಮತ್ತೆ ಅಳೆಯಬೇಕೇ?

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಸ್ಪಷ್ಟವಾದ ಸಮಾಧಾನವಿದೆ. ಪರಿಗ್ರಹದ ಮಿತಿಯ ಒಳಗೇ ಇರುವ, ಪ್ರಯೋಜನವೂ ಉಳ್ಳ ವಿಷಯಗಳನ್ನು ಕೂಡ ರಾಗವನ್ನು ತೆಳುವಾಗಿಸುವುದಕ್ಕಾಗಿ ಮತ್ತೆ ಎಣಿಸಿ ಮಿತಗೊಳಿಸುವುದೇ ಭೋಗೋಪಭೋಗ ಪರಿಮಾಣವೆಂದು ಅವರು ನಿರೂಪಿಸಿದ್ದಾರೆ. ಕಾಲದ ಅವಧಿಯುಳ್ಳದ್ದು ನಿಯಮ, ಜೀವನ ಪರ್ಯಂತದ್ದು ಯಮ ಎಂದೂ ವಿಭಾಗಿಸಿದ್ದಾರೆ. ಎಂದರೆ ಮಿತಿಯೊಳಗೆ ಮಿತಿಗೆ ಎಂದಿಗೂ ಅವಕಾಶವಿದೆ. ಸ್ವೀಕರಿಸಿದ ಪರಿಮಾಣವನ್ನು ಹಿಗ್ಗಿಸಿದರೆ ಭಂಗ. ಕುಗ್ಗಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ರಾಗವನ್ನು ತೆಳುವಾಗಿಸುವುದೇ ಗುರಿಯಾದ ಮೇಲೆ, ರಾಗಕ್ಕೆ ತಾಗದಷ್ಟು ದೂರದಲ್ಲಿ ನಿಂತ ಮಿತಿಯು ಹೆಸರಿಗೆ ಮಾತ್ರ ವ್ರತ.

ಇಷ್ಟನ್ನು ಓದಿ ತಿಳಿದು ನಾನು ಪಂಡಿತನಂತೆ ಪತ್ನಿಯ ಮುಂದೆ ವಿವರಿಸಿದೆ. ಆಕೆ ತಾಳ್ಮೆಯಿಂದ ಕೇಳಿ, "ನೀವು ಹೇಳೋದು ಸರಿ. ಆದರೆ ದೊಡ್ಡ ಪಾತ್ರೆ ಅಟ್ಟಕ್ಕೆ ಹಾಕಿಬಿಟ್ರೆ, ಮಕ್ಕಳು ಇನ್ನು ಬರೋಲ್ಲ ಅಂತ ನಾನೇ ಒಪ್ಪಿಕೊಂಡ ಹಾಗಲ್ಲವಾ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಅಕ್ಕಿಯ ಲೆಕ್ಕವೆಂದು ನಾನು ತಿಳಿದದ್ದು ಆಕೆಗೆ ಮಕ್ಕಳ ಲೆಕ್ಕವಾಗಿತ್ತು. ಉಮಾಸ್ವಾಮಿಗಳು ಪರಿಗ್ರಹಕ್ಕೆ ಮೂರ್ಛೆಯೆಂದು ಲಕ್ಷಣ ಹೇಳಿರುವುದರ ಅರ್ಥ ನನಗೆ ಗ್ರಂಥದಿಂದಲ್ಲ, ಆ ಮಾತಿನಿಂದ ಮನದಟ್ಟಾಯಿತು. ಪಾತ್ರೆ ಹಿತ್ತಾಳೆಯದು, ಅದನ್ನು ಹಿಡಿದುಕೊಂಡಿರುವ ಭಾವವೇ ಪರಿಗ್ರಹ. ನಾನು ಮಾತ್ರ ನಿರ್ಲಿಪ್ತನೆಂದೂ ಹೇಳಿಕೊಳ್ಳಲಾರೆ. ಕೊನೆಯವನಿಗೆ ಪ್ರಿಯವಾದ ಕೊಬ್ಬರಿ ಮಿಠಾಯಿಯನ್ನು ಅವನು ಹೋದ ಮೇಲೂ ಪ್ರತಿ ಸಂತೆಯಲ್ಲಿ ಕೊಂಡು ತರುತ್ತಿದ್ದವನು ನಾನೇ.

ಮಕ್ಕಳ ಮೇಲಿನ ವಾತ್ಸಲ್ಯ ದೋಷವೇ ಎಂದು ಕೆಲವರು ಕೇಳಬಹುದು. ಗೃಹಸ್ಥನಿಗೆ ವಾತ್ಸಲ್ಯ ಸಹಜ. ಆದರೆ ಉಣ್ಣುವವರಿಲ್ಲದ ಅನ್ನವು ಮಕ್ಕಳಿಗೆ ತಲುಪುವುದಿಲ್ಲ. ಅದು ನಮ್ಮ ದುಃಖಕ್ಕೆ ನಾವೇ ಬಡಿಸುವ ಅನ್ನ. ಆ ದುಃಖವನ್ನು ನೇರವಾಗಿ ಕಂಡು ಸಮತೆಯಿಂದ ಸಹಿಸುವುದು ಉಪವಾಸಕ್ಕಿಂತ ಕಠಿಣ. ನನ್ನ ಪತ್ನಿ ಅದಕ್ಕೆ ಎರಡು ಚಾತುರ್ಮಾಸಗಳ ಕಾಲ ತೆಗೆದುಕೊಂಡಳು. ನಾನು ಮತ್ತೆ ಒತ್ತಾಯಿಸಲಿಲ್ಲ. ಒತ್ತಾಯದಿಂದ ಕೊಡಿಸಿದ ವ್ರತ ಕೊಟ್ಟವನಿಗೂ ಹಿತವಲ್ಲ, ಕೊಂಡವಳಿಗೂ ಹಿತವಲ್ಲ.

ಮೂರನೆಯ ಚಾತುರ್ಮಾಸದ ಆರಂಭದಲ್ಲಿ ಆಕೆಯೇ ಮಾತೆತ್ತಿದಳು. ಬಸದಿಗೆ ಹೋಗಿ ಜಿನಬಿಂಬದ ಮುಂದೆ ನಾಲ್ಕು ತಿಂಗಳ ನಿಯಮ ತೆಗೆದುಕೊಂಡೆವು. ಮಧ್ಯಾಹ್ನಕ್ಕೆ ಒಂದು ಪಾವು ಅಕ್ಕಿ. ಸಾಮಾನು ಒಂದು ತಿಂಗಳಿಗೆ ಆಗುವಷ್ಟು ಮಾತ್ರ, ಹಿಂದಿನದು ಮುಗಿಯದೆ ಹೊಸದಿಲ್ಲ. ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಮರ್ಯಾದೆಯಷ್ಟೆ; ಇಬ್ಬರಿಗೆ ದಿನಕ್ಕೆ ಕಾಲು ಕಿಲೋ ಬೇಕೆಂದರೆ ಮಳೆಗಾಲದಲ್ಲಿ ಒಮ್ಮೆಗೆ ಮುಕ್ಕಾಲು ಕಿಲೋ ಮೀರದಂತೆ ಬೀಸಿಸುವುದು. ಮಕ್ಕಳು ಬಂದ ದಿನಗಳಿಗೆ ತಲೆಯೆಣಿಕೆಯಂತೆ ವಿನಾಯಿತಿ ಎಂದು ಮೊದಲೇ ಹೇಳಿಕೊಂಡೆವು. ಆಮೇಲೆ ಹುಡುಕುವ ವಿನಾಯಿತಿ ಅತಿಚಾರಕ್ಕೆ ಬಾಗಿಲು. ದೊಡ್ಡ ಪಾತ್ರೆಯನ್ನು ಆಕೆ ಬಸದಿಯ ಅಡುಗೆಮನೆಗೆ ಕೊಟ್ಟಳು. ದೀಪಾವಳಿಯ ನಿರ್ವಾಣೋತ್ಸವಕ್ಕೆ ಮಕ್ಕಳು ಬಂದಾಗ ಅದನ್ನೇ ಎರಡು ದಿನಕ್ಕೆ ಕೇಳಿ ತಂದೆವು.

ಎರಡು ಎಚ್ಚರಿಕೆಗಳನ್ನು ಹೇಳಿ ಮುಗಿಸುತ್ತೇನೆ. ಮಿತವ್ಯಯವೆಲ್ಲ ವ್ರತವಲ್ಲ. ಉಳಿದ ಅಕ್ಕಿಯ ಬೆಲೆ ಬ್ಯಾಂಕಿನ ಪುಸ್ತಕ ಸೇರಿದರೆ ಪರಿಗ್ರಹವು ಡಬ್ಬ ಬದಲಿಸಿತಷ್ಟೆ. ಲೋಭ ವ್ರತದ ವೇಷ ಧರಿಸಿ ಬಂದಿತೆನ್ನಬೇಕು. ಆದುದರಿಂದ ತಿಂಗಳಿಗೆ ಉಳಿದಷ್ಟನ್ನು ಲೆಕ್ಕ ಹಾಕಿ ಆಹಾರದಾನಕ್ಕೋ ಔಷಧದಾನಕ್ಕೋ ಮೀಸಲಿಡುತ್ತಿದ್ದೇವೆ. ಹಿಂದೆ ಮಿಕ್ಕ ಅನ್ನವನ್ನು ಕೆಲಸದಾಕೆಗೆ ಕೊಟ್ಟು ದಾನವೆಂದು ಬೀಗುತ್ತಿದ್ದೆವು. ಈಗ ಆಕೆಗೆ ತಿಂಗಳ ಮೊದಲಲ್ಲೇ, ನಾವು ಉಣ್ಣುವ ಅಕ್ಕಿಯನ್ನೇ ಅಳೆದು ಕೊಡುತ್ತೇವೆ.

ಇನ್ನೊಂದು, ಅತಿಥಿಯ ವಿಚಾರ. ಇಬ್ಬರಿಗೆ ಮಾತ್ರ ಬೇಯಿಸಿದರೆ ಬಂದವರ ಗತಿಯೇನೆಂದು ಕೇಳುವವರಿದ್ದಾರೆ. ಸಂವಿಭಾಗವೆಂದರೆ ಪಾಲು ಮಾಡುವುದು, ಮಿಕ್ಕದ್ದನ್ನು ಕೊಡುವುದಲ್ಲ. ಕಳೆದ ಶ್ರಾವಣದಲ್ಲಿ ಮಧ್ಯಾಹ್ನ ಅನಿರೀಕ್ಷಿತವಾಗಿ ಒಬ್ಬ ಸಾಧರ್ಮಿ ಬಂದರು. ಒಂದು ಪಾವಿನ ಅನ್ನವನ್ನು ಮೂವರು ಉಂಡೆವು. ಅವರಿಗೆ ತೃಪ್ತಿಯಾಯಿತು, ನಮಗೆ ಅಂದು ಅವಮೌದರ್ಯ ತಾನಾಗಿಯೇ ಸಿದ್ಧಿಸಿತು. ದೊಡ್ಡ ಪಾತ್ರೆಯ ಕಾಲದಲ್ಲಿ ಅತಿಥಿಗೆ ಬಡಿಸಿದ್ದು ಬಹಳ. ನಮ್ಮ ಪಾಲಿನಿಂದ ತೆಗೆದು ಕೊಟ್ಟದ್ದು ಅಂದೇ ಮೊದಲು.

ಈಗಲೂ ಒಮ್ಮೊಮ್ಮೆ ಪತ್ನಿಯ ಕೈ ಎರಡನೆಯ ಪಾವಿಗೆ ಹೋಗುತ್ತದೆ. ಆಕೆ ಕ್ಷಣ ನಿಂತು, ಅಕ್ಕಿಯನ್ನು ಡಬ್ಬಕ್ಕೆ ಮರಳಿ ಸುರಿದು, ಣಮೋಕಾರ ಮಂತ್ರವನ್ನು ಹೇಳಿಕೊಂಡು ಒಲೆ ಹಚ್ಚುತ್ತಾಳೆ. ಮುಂದಿನ ಚಾತುರ್ಮಾಸಕ್ಕೆ ಮುನ್ನ ವಾಚಕ ದಂಪತಿಗಳೂ ತಮ್ಮ ಮನೆಯ ಪಾವನ್ನು ಒಮ್ಮೆ ಅಳೆದು ನೋಡಲಿ ಎಂಬುದೇ ನನ್ನ ವಿನಂತಿ.