ಒಪ್ಪೊತ್ತಿನ ಊಟವೂ ಅವಮೋದರ್ಯವೂ

ಆಹಾರ, ಭಯ, ಮೈಥುನ, ಪರಿಗ್ರಹವೆಂಬ ನಾಲ್ಕು ಸಂಜ್ಞೆಗಳು ಸಂಸಾರಿ ಜೀವನಿಗೆ ಅನಾದಿಯಿಂದ ಅಂಟಿಬಂದವುಗಳು. ಅವುಗಳಲ್ಲಿ ಮೊದಲನೆಯದು ಆಹಾರಸಂಜ್ಞೆ. ಉಳಿದವುಗಳನ್ನು ಮರೆತು ಜೀವನು ಕೆಲವು ಕಾಲ ಇರಬಲ್ಲನು. ಹಸಿವನ್ನು ಮರೆತಿರುವುದು ಅವನಿಗೆ ದುಸ್ಸಾಧ್ಯ. ಬಾಹ್ಯತಪಸ್ಸಿನ ಆರು ಭೇದಗಳನ್ನು ಎಣಿಸಿದ ಉಮಾಸ್ವಾಮಿ ಆಚಾರ್ಯರು ಅನಶನ, ಅವಮೋದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ ಎಂದು ಮೊದಲ ನಾಲ್ಕನ್ನೂ ಆಹಾರದ ವಿಷಯವಾಗಿಯೇ ಹೇಳಿ, ವಿವಿಕ್ತಶಯ್ಯಾಸನ ಕಾಯಕ್ಲೇಶಗಳನ್ನು ಆ ಬಳಿಕ ಇರಿಸಿರುವುದು ಗಮನಿಸತಕ್ಕ ಸಂಗತಿ.

ಈ ನಾಲ್ಕರಲ್ಲಿ ಅನಶನಕ್ಕೆ ಸಮಾಜದಲ್ಲಿ ಬೇಕಾದಷ್ಟು ಮನ್ನಣೆಯುಂಟು. ದಶಲಕ್ಷಣ ಪರ್ವದಲ್ಲಿ ಯಾರು ಎಷ್ಟು ಉಪವಾಸ ಮಾಡಿದರೆಂಬುದನ್ನು ಬಸದಿಗೆ ಬರುವವರೆಲ್ಲ ಬಲ್ಲರು. ಪಾರಣೆಯ ದಿನ ಅಂಥವರಿಗೆ ಸತ್ಕಾರವೂ ನಡೆಯುತ್ತದೆ. ಆದರೆ ‘ಇನ್ನೊಂದು ತುತ್ತು’ ಎಂದು ಬಡಿಸಬಂದಾಗ ಕೈಯನ್ನು ಅಡ್ಡ ಹಿಡಿದು ಎದ್ದುಹೋದವನನ್ನು ಯಾರೂ ಗಮನಿಸುವುದಿಲ್ಲ. ಅವಮೋದರ್ಯವು ಸಾಕ್ಷಿಯಿಲ್ಲದ ತಪಸ್ಸು. ಅದರ ಹೆಸರನ್ನು ಹೇಳಿಕೊಂಡು ಅದಕ್ಕೆ ವಿರುದ್ಧವಾದುದನ್ನು ಆಚರಿಸುವುದೂ ಆದುದರಿಂದಲೇ ಸುಲಭವಾಗಿದೆ.

ಒಂದು ಮನೆಯ ಮಾತನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಇಂಥ ಮನೆಗಳು ಇಂದು ಎಲ್ಲ ಊರುಗಳಲ್ಲಿಯೂ ಉಂಟು. ಹಾಸನದ ಕಡೆಯ ಕುಟುಂಬ. ಉದ್ಯೋಗನಿಮಿತ್ತ ಬೆಂಗಳೂರಿಗೆ ಬಂದು ನೆಲಸಿದುದು. ಮನೆಯ ಯಜಮಾನನು ಬೆಳಿಗ್ಗೆ ದೇವದರ್ಶನ ಮುಗಿಸಿ ಎಂಟು ಗಂಟೆಗೆ ಹೊರಟರೆ ಮರಳುವುದು ರಾತ್ರಿ ಎಂಟಕ್ಕೆ. ಬೆಳಿಗ್ಗೆ ಒಂದು ಲೋಟ ಹಾಲು, ಮಧ್ಯಾಹ್ನ ಒಂದು ಹಿಡಿ ಅವಲಕ್ಕಿ ಅಥವಾ ಒಂದು ಬಾಳೆಹಣ್ಣು. ಮಧ್ಯಾಹ್ನ ಹೊಟ್ಟೆತುಂಬ ಉಂಡರೆ ಕಚೇರಿಯಲ್ಲಿ ತೂಕಡಿಕೆ ಬರುತ್ತದೆಯೆಂಬುದು ಅವನ ಸಮಾಧಾನ. ರಾತ್ರಿಯಾದರೆ ಮಡದಿ ಮಕ್ಕಳೊಡನೆ ಕುಳಿತು ಅನ್ನ, ಸಾರು, ಪಲ್ಯ, ರೊಟ್ಟಿ, ತುಪ್ಪ, ಮೇಲೊಂದು ಸಿಹಿ ಎಂದು ದಿನದ ಊಟವನ್ನೆಲ್ಲ ಒಂದೇ ಬಾರಿಗೆ ಉಣ್ಣುವನು. ಊರಿನಲ್ಲಿದ್ದಾಗ ಅವನಿಗೆ ರಾತ್ರಿಭೋಜನ ತ್ಯಾಗದ ನಿಯಮವಿತ್ತು. ನಗರಕ್ಕೆ ಬಂದ ಮೊದಲ ವರ್ಷ ರಾತ್ರಿ ಹಾಲು ಮಾತ್ರ ಎಂದು ಸಡಿಲಾಯಿತು. ಮರುವರ್ಷ ಹಣ್ಣು ಸೇರಿತು. ಆಮೇಲೆ ಯಾವುದೂ ಉಳಿಯಲಿಲ್ಲ.

ಅವನ ತಾಯಿ ವ್ರತಿಕೆ. ಮಧ್ಯಾಹ್ನ ಒಂದು ಊಟ, ಹೊತ್ತಿರುವಾಗಲೇ ಸ್ವಲ್ಪ ಗಂಜಿ. ಅಲ್ಲಿಗೆ ಅವಳ ದಿನ ಮುಗಿಯಿತು. ಒಂದು ಚತುರ್ದಶಿಯ ರಾತ್ರಿ ಮಗನು ತಟ್ಟೆಯ ಮುಂದೆ ಕುಳಿತು ಅರ್ಧ ವಿನೋದವಾಗಿ, ಅರ್ಧ ನಿಜವಾಗಿ ಕೇಳಿದನು: “ಅಮ್ಮ, ನೀನು ದಿನಕ್ಕೆ ಎರಡು ಬಾರಿ ಉಣ್ಣುತ್ತೀ. ನನ್ನದು ಒಂದೇ ಊಟ. ಹಗಲೆಲ್ಲ ನಾನು ಅವಮೋದರ್ಯದಲ್ಲೇ ಇರುತ್ತೇನೆ. ಯಾರ ತಪಸ್ಸು ಹೆಚ್ಚಿನದು?”

ತಾಯಿ ಬಹಳ ಹೊತ್ತು ಸುಮ್ಮನಿದ್ದು, “ಹಗಲು ಬಿಟ್ಟ ತುತ್ತುಗಳನ್ನು ಎಲ್ಲಿಟ್ಟೆ ಮಗೂ?” ಎಂದಳು.

ಮಗನ ಪ್ರಶ್ನೆ ಅವನೊಬ್ಬನದಲ್ಲ. ಈ ಕಾಲದ್ದೂ ಅಲ್ಲ. ಸುಮಾರು 10ನೆಯ ಶತಮಾನದ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದೇ ಶಂಕೆಯನ್ನು ತಾವೇ ಎತ್ತಿಕೊಂಡಿದ್ದಾರೆ. ಹಗಲೂ ರಾತ್ರಿಯೂ ಉಣ್ಣುವುದರಿಂದ ಸದಾಕಾಲ ಹಿಂಸೆಯಾಗುವುದಾದರೆ, ಹಗಲಿನ ಊಟವನ್ನು ಬಿಟ್ಟು ರಾತ್ರಿಯಷ್ಟೇ ಉಂಡರಾಯಿತಲ್ಲವೆ, ಆಗ ಹಿಂಸೆ ಸದಾಕಾಲ ಆಗುವುದಿಲ್ಲವಷ್ಟೆ, ಎಂಬುದು ಶಂಕೆ. ಶಂಕಾಕಾರನು ಲೆಕ್ಕದಲ್ಲಿ ಗಟ್ಟಿಗನು. ಎರಡರಲ್ಲಿ ಒಂದನ್ನು ಕಳೆದರೆ ಒಂದು ಉಳಿಯಿತು ಎನ್ನುತ್ತಾನೆ. ಆಚಾರ್ಯರ ಉತ್ತರವು ಲೆಕ್ಕದಲ್ಲಿಲ್ಲ, ರಾಗದಲ್ಲಿದೆ. ಅನ್ನದ ತುತ್ತಿಗಿಂತ ಮಾಂಸದ ತುತ್ತನ್ನು ತಿನ್ನುವವನಿಗೆ ಹೇಗೆ ರಾಗ ಅಧಿಕವೋ ಹಾಗೆಯೇ ಹಗಲು ಉಣ್ಣುವವನಿಗಿಂತ ರಾತ್ರಿ ಉಣ್ಣುವವನಿಗೆ ರಾಗ ಅಧಿಕ ಎಂದು ಅವರ ಅಭಿಪ್ರಾಯ. ಉಪಮಾನ ಕಟುವಾದುದು; ಹಿಂಸೆಯ ಮೂಲ ಕೈಯಲ್ಲಿಲ್ಲ, ರಾಗಾದಿ ಭಾವಗಳ ಉದಯದಲ್ಲಿದೆ ಎಂದು ಆರಂಭದಲ್ಲಿಯೇ ಸ್ಥಾಪಿಸಿದ ಗ್ರಂಥಕ್ಕೆ ಅದು ಸಹಜವಾಗಿಯೇ ಇದೆ.

ಆ ಗೃಹಸ್ಥನ ಹಗಲನ್ನು ಈ ದೃಷ್ಟಿಯಿಂದ ನೋಡಬೇಕು. ಹನ್ನೆರಡು ಗಂಟೆಗೆ ಅವಲಕ್ಕಿ ತಿಂದ ಮೇಲೆ ಅವನ ಮನಸ್ಸು ಎಲ್ಲಿದೆ? ನಾಲ್ಕು ಗಂಟೆಗೆ ಮನೆಗೆ ದೂರವಾಣಿ ಮಾಡಿ ‘ಈ ಹೊತ್ತು ಏನು ಅಡುಗೆ?’ ಎಂದು ಕೇಳುವವನು ಬಾಯಲ್ಲಿ ಉಣ್ಣದಿದ್ದರೂ ಮನಸ್ಸಿನಲ್ಲಿ ಆಗಲೇ ಎಲೆ ಹಾಕಿಕೊಂಡಿದ್ದಾನೆ. ಹಸಿವನ್ನು ಸಹಿಸುವುದು ಬೇರೆ, ಹಸಿವನ್ನು ಸಾಕುವುದು ಬೇರೆ. ಸಹಿಸುವವನು ಅದನ್ನು ಕ್ಷುಧಾಪರೀಷಹವೆಂದು ಕಂಡು ಸಮತೆಯಲ್ಲಿ ಕಳೆಯುತ್ತಾನೆ. ಸಾಕುವವನು ಸಂಜೆಯ ರುಚಿಗಾಗಿ ಅದನ್ನು ಬೆಳೆಸುತ್ತಾನೆ.

ಇನ್ನು ದ್ರವ್ಯಹಿಂಸೆಯ ಮಾತು. ಹಿಂದೆ ಎಣ್ಣೆಯ ದೀಪವಿತ್ತು, ಹುಳು ಕಾಣುತ್ತಿರಲಿಲ್ಲ, ಈಗ ವಿದ್ಯುದ್ದೀಪದಲ್ಲಿ ಎಲ್ಲವೂ ಕಾಣುತ್ತದೆ ಎಂದು ವಿದ್ಯಾವಂತರು ಹೇಳುವುದುಂಟು. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ದೀಪದ ಸುತ್ತ ಮಳೆಹುಳುಗಳು ಮುತ್ತಿ, ರೆಕ್ಕೆ ಉದುರಿಸಿ, ಅನ್ನದ ಪಾತ್ರೆಗೇ ಬೀಳುವುದನ್ನು ಕಂಡವರು ಈ ಮಾತನ್ನು ಎರಡನೆಯ ಸಲ ಆಡಲಾರರು. ದೀಪವು ಪ್ರಾಣಿಗಳನ್ನು ತೋರಿಸುವುದಕ್ಕಿಂತ ಮೊದಲು ಕರೆಯುತ್ತದೆ. ಅಲ್ಲದೆ ರಾತ್ರಿಯ ಊಟವೆಂದರೆ ಉಣ್ಣುವ ಅರ್ಧ ಗಂಟೆ ಮಾತ್ರವಲ್ಲ. ಅದಕ್ಕಾಗಿ ಒಲೆ ಹೊತ್ತಬೇಕು, ನೀರು ಚೆಲ್ಲಬೇಕು, ಪಾತ್ರೆ ತೊಳೆಯಬೇಕು. ಮನೆಯ ಹೆಣ್ಣುಮಕ್ಕಳು ಹತ್ತು ಗಂಟೆಯವರೆಗೆ ಅಡುಗೆಮನೆಯಲ್ಲಿ ನಿಲ್ಲಬೇಕು. ಈ ಆರಂಭಹಿಂಸೆಯ ಪಾಲು ಉಂಡವನದೇ.

ಪ್ರೀತಿಂಕರನ ಕಥೆಯನ್ನು ಮನೆಯ ಹಿರಿಯರಿಂದ ಕೇಳದ ಮಕ್ಕಳು ಕಡಿಮೆ. ಸಾಗರಸೇನ ಮುನಿಗಳಿಂದ ನರಿಯೊಂದು ರಾತ್ರಿ ಉಣ್ಣದ ವ್ರತವನ್ನು ಪಡೆಯಿತು. ಒಂದು ದಿನ ಬಾಯಾರಿ, ಹೊತ್ತಿರುವಾಗಲೇ ಬಾವಿಯ ಮೆಟ್ಟಿಲಿಳಿಯಿತು. ಒಳಗೆ ಕತ್ತಲೆ. ರಾತ್ರಿಯಾಯಿತೆಂದು ಮೇಲೆ ಬಂದರೆ ಬೆಳಕಿದೆ. ಮತ್ತೆ ಇಳಿದರೆ ಕತ್ತಲೆ. ಹೀಗೆ ಹತ್ತಿ ಇಳಿದು ನಿಜವಾಗಿಯೂ ಹೊತ್ತು ಮುಳುಗಿತು. ನೀರು ಮುಟ್ಟದೆ ಪ್ರಾಣ ಬಿಟ್ಟು ಮುಂದೆ ಪ್ರೀತಿಂಕರನಾಗಿ ಜನಿಸಿತು. ಆ ನರಿಯ ಸಂದೇಹ ಹಗಲನ್ನು ರಾತ್ರಿಯೆಂದು ತಿಳಿಯುವ ಕಡೆಗಿತ್ತು. ವಿದ್ಯುದ್ದೀಪದ ಕೆಳಗೆ ಕುಳಿತವನ ಸಂದೇಹ ರಾತ್ರಿಯನ್ನು ಹಗಲೆಂದು ತಿಳಿಯುವ ಕಡೆಗೆ ವಾಲುತ್ತದೆ.

ಅವಮೋದರ್ಯದ ಪ್ರಮಾಣವನ್ನು ಶಾಸ್ತ್ರವು ಮಸುಕಾಗಿ ಬಿಟ್ಟಿಲ್ಲ. ಪುರುಷನ ಪೂರ್ಣಾಹಾರ 32 ಕವಳ, ಸ್ತ್ರೀಯದು 28 ಎಂದು ಭಗವತೀ ಆರಾಧನೆಯಲ್ಲಿ ಹೇಳಿದೆ. ಇದರಲ್ಲಿ ಒಂದು ಕವಳವನ್ನು ಕಡಮೆ ಮಾಡಿದರೂ ಅವಮೋದರ್ಯವೇ. ಹಾಗೆ ಇಳಿಯುತ್ತ ಒಂದು ಕವಳದವರೆಗೂ ಹೋಗಬಹುದು. ಹೊಟ್ಟೆಯ ನಾಲ್ಕು ಭಾಗಗಳಲ್ಲಿ ಎರಡನ್ನು ಅನ್ನವ್ಯಂಜನಗಳಿಂದ, ಮೂರನೆಯದನ್ನು ನೀರಿನಿಂದ ತುಂಬಿ, ನಾಲ್ಕನೆಯದನ್ನು ವಾಯುಸಂಚಾರಕ್ಕೆ ಬಿಡಬೇಕೆಂದು ಮೂಲಾಚಾರವು ಮುನಿಗಳಿಗೆ ವಿಧಿಸುತ್ತದೆ. ಗಮನಿಸಬೇಕಾದ ಅಂಶವೆಂದರೆ, ಈ ಅಳತೆ ಉಣ್ಣುತ್ತಿರುವ ಹೊಟ್ಟೆಗೆ ಹೇಳಿದುದು. ಬೆಳಿಗ್ಗೆ ಖಾಲಿ ಬಿಟ್ಟ ಭಾಗವನ್ನು ಸಂಜೆಯ ಲೆಕ್ಕಕ್ಕೆ ಜಮಾ ಮಾಡುವ ಅವಕಾಶ ಅಲ್ಲಿಲ್ಲ. ಹಸಿವಿರುವಾಗಲೇ, ರುಚಿಯಿರುವಾಗಲೇ, ಎದುರಿಗೆ ಪದಾರ್ಥವಿರುವಾಗಲೇ ಕೈ ತೆಗೆಯುವುದರಲ್ಲಿ ತಪಸ್ಸಿದೆ. ಪದಾರ್ಥವೇ ಇಲ್ಲದ ಕಚೇರಿಯ ಮೇಜಿನ ಮುಂದೆ ಉಣ್ಣದಿರುವುದು ಅನಾನುಕೂಲವೆನ್ನಿಸಬಹುದು, ತಪಸ್ಸೆನ್ನಿಸಲಾರದು.

ದಿನಕ್ಕೆ ಒಂದೇ ಊಟವೆಂಬ ಮಾತಿಗೆ ನಿಜವಾದ ಅಧಿಕಾರಿಗಳು ದಿಗಂಬರ ಮುನಿಗಳು. ಏಕಭಕ್ತವೂ ಸ್ಥಿತಿಭೋಜನವೂ ಅವರ 28 ಮೂಲಗುಣಗಳಲ್ಲಿ ಸೇರಿವೆ. ಆದರೆ ಅವರ ಒಂದು ಊಟ ಯಾವಾಗ? ಸೂರ್ಯೋದಯದ ಬಳಿಕ ಮೂರು ಘಳಿಗೆ, ಸೂರ್ಯಾಸ್ತಕ್ಕೆ ಮುನ್ನ ಮೂರು ಘಳಿಗೆ, ಅಂದರೆ 72 ನಿಮಿಷಗಳಷ್ಟು ಕಾಲವನ್ನು ಎರಡೂ ಕಡೆ ಬಿಟ್ಟು, ನಡುವೆ. ರೂಢಿಯಲ್ಲಿ ಅದು ಪೂರ್ವಾಹ್ಣದಲ್ಲಿಯೇ ಮುಗಿಯುತ್ತದೆ. ನಿಂತು, ಅಂಜಲಿಯೇ ಪಾತ್ರೆಯಾಗಿ ಸ್ವೀಕರಿಸುವಾಗ ಒಂದು ಕೂದಲೋ ಸತ್ತ ಹುಳುವೋ ಕಂಡರೆ ಅಂತರಾಯವಾಯಿತೆಂದು ಅಲ್ಲಿಗೇ ಬಿಟ್ಟು ಹಿಂದಿರುಗುತ್ತಾರೆ, ಮತ್ತೆ ಮರುದಿನವೇ. ಶ್ರಾವಕರ ಚೌಕದಲ್ಲಿ ಆ ಕ್ಷಣವನ್ನು ಕಂಡವರಿಗೆ ಗೊತ್ತು, ಆಹಾರ ಕೊಡುತ್ತಿದ್ದವರ ಕಣ್ಣಲ್ಲಿ ನೀರು ಬರುತ್ತದೆ, ಮುನಿಗಳ ಮುಖದಲ್ಲಿ ಬದಲಾವಣೆ ಕಾಣುವುದಿಲ್ಲ. ಹಗಲೆಲ್ಲ ಕಾದು ರಾತ್ರಿ ತಟ್ಟೆಯ ಮುಂದೆ ಕುಳಿತವನು ಮೂರನೆಯ ತುತ್ತಿಗೆ ಹಾಗೆ ಎದ್ದುಹೋಗಬಲ್ಲನೆ?

ಹೊತ್ತು ಮುಳುಗುವ ಮುನ್ನವೇ ಈ ಭೂರಿಭೋಜನವನ್ನು ಮುಗಿಸುವವರೂ ಇದ್ದಾರೆ. ಅವರ ದೋಷ ಅಷ್ಟರಮಟ್ಟಿಗೆ ಕಡಮೆಯೆಂಬುದರಲ್ಲಿ ಸಂದೇಹವಿಲ್ಲ. ಆದರೂ 13ನೆಯ ಶತಮಾನದ ಪಂಡಿತ ಆಶಾಧರರು ದಿನದ ಮೊದಲ ಮುಹೂರ್ತದಲ್ಲಿಯೂ ಕೊನೆಯ ಮುಹೂರ್ತದಲ್ಲಿಯೂ ಉಣ್ಣುವುದನ್ನು ಅತಿಚಾರವೆಂದಿದ್ದಾರೆ. ಮುಹೂರ್ತವೆಂದರೆ 48 ನಿಮಿಷ. ಬೆಂಗಳೂರಿನಲ್ಲಿ ನವೆಂಬರ್ ಕೊನೆಯಲ್ಲಿ ಸುಮಾರು 5-50ಕ್ಕೆ ಸೂರ್ಯಾಸ್ತ. ಐದು ಗಂಟೆಗೆ ಕೈ ತೊಳೆದಿರಬೇಕು. ಜುಲೈಯಲ್ಲಿ ಸುಮಾರು 6-50; ಆಗ ಆರು ಗಂಟೆಯವರೆಗೆ ಕಾಲಾವಕಾಶವಿದೆ. ಗಡಿಯಾರವನ್ನೇ ನೋಡುತ್ತ, ಅಗಿಯದೆ, ಕಾಳು ಸೊಪ್ಪು ಶೋಧಿಸದೆ ಉಂಡ ದೊಡ್ಡ ಊಟದಲ್ಲಿ ವ್ರತದ ಹೊರಗೆರೆ ಉಳಿದೀತು, ಅಷ್ಟೆ. ಮೇಲಾಗಿ ಸಂಧ್ಯಾಕಾಲವು ಸಾಮಾಯಿಕದ ಕಾಲ. ತುಂಬಿದ ಹೊಟ್ಟೆಯವನು ಪದ್ಮಾಸನದಲ್ಲಿ ಕುಳಿತರೂ ಆಕಳಿಸುತ್ತಾನೆ.

ನೋಂಪಿಗಳ ದಿನಗಳಲ್ಲಿಯೂ ಇದನ್ನು ನೆನೆಯಬೇಕು. ಪ್ರೋಷಧೋಪವಾಸವನ್ನು ವಿವರಿಸುವ ಸಮಂತಭದ್ರಾಚಾರ್ಯರು ಒಮ್ಮೆ ಉಣ್ಣುವುದನ್ನೇ ಪ್ರೋಷಧವೆಂದಿದ್ದಾರೆ. ಉಪವಾಸದ ಹಿಂದುಮುಂದಿನ ಆ ಏಕಭುಕ್ತವು ‘ನಾಳೆ ಏನೂ ಇಲ್ಲ’ವೆಂಬ ನೆಪದಲ್ಲಿ ಹಬ್ಬದೂಟವಾಗಿರುವ ಮನೆಗಳು ಕಡಿಮೆಯಿಲ್ಲ.

ಧರ್ಮಕ್ಕೆ ಪ್ರಯೋಗಾಲಯದ ಸಾಕ್ಷಿ ಬೇಕಿಲ್ಲ. ಆದರೆ ಹಗಲು ಅಲ್ಪ, ರಾತ್ರಿ ಭೂರಿ ಎಂಬ ಪದ್ಧತಿಯನ್ನು ದೇಹಕ್ಕೆ ಹಿತವೆಂದು ಯುವಕರು ಎಲ್ಲೋ ಓದಿ ಹಿಡಿಯುತ್ತಿರುವುದರಿಂದ ಒಂದು ಸಂಗತಿ ಹೇಳಬಹುದು. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತರಾದ ಕೆಲವರಿಗೆ 8 ವಾರ ದಿನದ ಆಹಾರವನ್ನೆಲ್ಲ ಸಂಜೆ 5ರಿಂದ 9ರೊಳಗೆ ಒಂದೇ ಊಟವಾಗಿ ಕೊಟ್ಟು, ಮೂರು ಹೊತ್ತಿನ ಊಟದೊಡನೆ ಹೋಲಿಸಿದರು. ಮೈಯ ಕೊಬ್ಬು ಸ್ವಲ್ಪ ಇಳಿಯಿತು. ಆದರೆ ರಕ್ತದೊತ್ತಡವೂ ಕೊಲೆಸ್ಟರಾಲೂ ಏರಿದುವು, ಹಸಿವಂತೂ ಹೆಚ್ಚಿತು. ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರು ಮಾತ್ರ ಊಟದ ಹೊತ್ತನ್ನು ಹಿಂದುಮುಂದು ಮಾಡುವ ಮೊದಲು ವೈದ್ಯರನ್ನು ಕೇಳಲೇಬೇಕು. ತಪಸ್ಸು ಶಕ್ತಿಗೆ ತಕ್ಕಂತೆ ಇರಲೆಂಬುದು ಷೋಡಶಭಾವನೆಗಳಲ್ಲಿಯೇ ಸೇರಿದೆ.

ಆ ಮನೆಯಲ್ಲಿ ತಾಯಿಯ ಪ್ರಶ್ನೆಗೆ ಮಗನು ಅಂದು ಉತ್ತರ ಕೊಡಲಿಲ್ಲ; ಉತ್ತರವು ತಟ್ಟೆಯಲ್ಲಿಯೇ ಇತ್ತು. ಕೆಲವು ದಿನ ಕಳೆದ ಮೇಲೆ ಬಸದಿಗೆ ಹೋಗಿ ಚಾತುರ್ಮಾಸದ ನಾಲ್ಕು ತಿಂಗಳಿಗೆಂದು ರಾತ್ರಿ ಅನ್ನತ್ಯಾಗದ ನಿಯಮ ತೆಗೆದುಕೊಂಡನು. ಯಾವಜ್ಜೀವ ತೆಗೆದುಕೊಂಡುದು ಯಮ, ಪರಿಮಿತ ಕಾಲಕ್ಕೆ ತೆಗೆದುಕೊಂಡುದು ನಿಯಮ. ಬಿದ್ದವನು ಏಳುವಾಗ ನಿಯಮದ ಕೈ ಹಿಡಿಯುವುದೇ ಉಚಿತ. ಮಡದಿ ಬೆಳಿಗ್ಗೆಯೇ ಅಡುಗೆ ಮಾಡಿ ಡಬ್ಬಿ ಕಟ್ಟಿದಳು. ಮಧ್ಯಾಹ್ನ ಪೂರ್ಣ ಊಟ, ಒಂದೆರಡು ತುತ್ತು ಉಳಿಯುವಂತೆ. ಐದು ಗಂಟೆಗೆ ಚಿಕ್ಕ ಡಬ್ಬಿಯಲ್ಲಿದ್ದ ರೊಟ್ಟಿ ಒಂದು. ಎಲ್ಲಕ್ಕಿಂತ ಕಷ್ಟವಾದುದು ಹಸಿವಲ್ಲ. ಆ ಕುಟುಂಬ ಒಟ್ಟಿಗೆ ಕುಳಿತುಕೊಳ್ಳುತ್ತಿದ್ದುದು ರಾತ್ರಿಯ ಊಟದಲ್ಲಿ ಮಾತ್ರ. ಇನ್ನು ಯಾವಾಗ ಕುಳಿತುಕೊಳ್ಳುವುದೆಂದು ಚಿಕ್ಕ ಮಗಳು ಕೇಳಿದಾಗ ಅವನಿಗೆ ನಿಯಮವೇ ಬೇಡವೆನ್ನಿಸಿತು. ಮಕ್ಕಳು ಶಾಲೆಯಿಂದ ಬಂದು ಅಜ್ಜಿಯ ಜೊತೆಗೇ ಹೊತ್ತಿರುವಾಗ ಉಣ್ಣತೊಡಗಿದರು; ರಾತ್ರಿ ಎಂಟಕ್ಕೆ ಎಲ್ಲರೂ ಬರಿಯ ಚಾಪೆಯ ಮೇಲೆ ಸುತ್ತ ಕುಳಿತರು. ಮೊದಲ ವಾರಗಳಲ್ಲಿ ಆ ಕೂಟ ಬಹಳ ಮೌನವಾಗಿತ್ತು.

ಒಂದು ದಿನ ಕಚೇರಿಯಲ್ಲಿ ಕೆಲಸ ಬಿಡದೆ, ಬಸ್ಸಿನಲ್ಲಿ ಕುಳಿತು ಚಿಕ್ಕ ಡಬ್ಬಿಗೆ ಕೈ ಹಾಕುವಾಗ ಹೊರಗೆ ಬೀದಿದೀಪ ಹೊತ್ತಿಕೊಂಡಿತು. ಅವನು ಡಬ್ಬಿಯನ್ನು ಹಾಗೆಯೇ ತಂದು ತಾಯಿಯ ಮುಂದಿಟ್ಟನು. ಅವಳು ಮುಚ್ಚಳ ತೆಗೆದು ನೋಡಿದಳು. ರೊಟ್ಟಿ ಹಾಗೆಯೇ ಇತ್ತು. “ಬೆಳಿಗ್ಗೆ ಹಸುವಿಗೆ ಹಾಕುತ್ತೇನೆ” ಎಂದು ಅದನ್ನು ಎತ್ತಿಟ್ಟು, “ಹೊತ್ತು ಹುಟ್ಟಿ ಎರಡು ಘಳಿಗೆಯಾದ ಮೇಲೆ ಗಂಜಿ ಕಾಯಿಸಿ ಕೊಡುತ್ತೇನೆ, ಕುಡಿದು ಹೊರಡು” ಎಂದಳು.