ತೆಗೆದದ್ದು, ಕೊಟ್ಟದ್ದು

ಕನ್ನಡದಲ್ಲಿ ‘ತೆಗೆ’ ಎಂಬ ಒಂದು ಕ್ರಿಯಾಪದದಿಂದ ನಾವು ಮಾಡಿಸಿಕೊಳ್ಳುವ ಕೆಲಸಗಳನ್ನು ನೆನೆದರೆ ಅದರ ಮೇಲೆ ಕನಿಕರ ಹುಟ್ಟುತ್ತದೆ. ಬೆಳಗಾದರೆ ಬಾಗಿಲು ತೆಗೆಯುತ್ತೇವೆ. ಮೊಸರು ಕಡೆದು ಬೆಣ್ಣೆ ತೆಗೆಯುತ್ತೇವೆ. ನೀರಿದ್ದರೆ ರೈತ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾನೆ. ಇಲ್ಲದಿದ್ದರೆ ಸಾಲ ತೆಗೆಯುತ್ತಾನೆ. ಅಜ್ಜಿ ಮೊಮ್ಮಗುವಿಗೆ ದೃಷ್ಟಿ ತೆಗೆಯುತ್ತಾಳೆ. ಜಗಳಗಂಟನಾದವನು ಮೊದಲು ತಗಾದೆ ತೆಗೆಯುತ್ತಾನೆ, ಆಮೇಲೆ ಮಾನ ತೆಗೆಯುತ್ತಾನೆ. ಇಷ್ಟೆಲ್ಲ ಹೊರೆ ಹೊತ್ತ ಪದದ ತಲೆಯ ಮೇಲೆ, ಕ್ಯಾಮೆರಾ ಬಂದಾಗ ಇನ್ನೊಂದು ಹೊರೆ ಹೊರಿಸಿದೆವು. ಫೋಟೋವನ್ನೂ ‘ತೆಗೆಯ’ತೊಡಗಿದೆವು.

ಈ ತೆಗೆಯುವಿಕೆ ಯಾವ ಜಾತಿಯದು? ಬೆಣ್ಣೆ ತೆಗೆಯುವಂಥದಾದರೆ ಚಿಂತೆಯಿಲ್ಲ. ಕಡೆದ ಶ್ರಮ ನಮ್ಮದು, ಬೆಣ್ಣೆಯೂ ನಮ್ಮದು. ಸಾಲ ತೆಗೆಯುವಂಥದಾದರೆ ತೀರಿಸುವ ಮಾತು ಬರುತ್ತದೆ. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಊರೂರು ಸುತ್ತುವ ಹವ್ಯಾಸಿಗಳನ್ನು ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಬೇರೆ: “ಇದರಿಂದ ಏನು ಪ್ರಯೋಜನ?” ಆ ಪ್ರಶ್ನೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಅಂಗಳಕ್ಕೆ ರಂಗೋಲಿ ಹಾಕುವುದರಿಂದ ಏನು ಪ್ರಯೋಜನ ಎಂದು ಯಾರೂ ಕೇಳುವುದಿಲ್ಲವಲ್ಲ. ದಿನದ ಬದುಕಿನಲ್ಲಿ ಒಂದಿಷ್ಟು ಸೊಗಸನ್ನು ಕೈಯಾರೆ ಮಾಡಿಕೊಳ್ಳುವುದು ಮನುಷ್ಯನಿಗೆ ಉಸಿರಾಟದಷ್ಟೇ ಸಹಜ. ನನ್ನನ್ನು ಕಾಡುವುದು ಇನ್ನೊಂದು ಪ್ರಶ್ನೆ. ನಮ್ಮ ಈ ಸಣ್ಣ ಸುಖ ನಾವು ತಿಳಿದುಕೊಂಡಷ್ಟು ನಿರಪಾಯವಾದದ್ದೇ? ಇದರ ಲೆಕ್ಕವನ್ನು ನಮಗೆ ಗೊತ್ತಿಲ್ಲದಂತೆ ಬೇರೆ ಯಾರಾದರೂ ತೆರುತ್ತಿದ್ದಾರೆಯೇ?

ಸುಖವೇನೋ ಸಣ್ಣದೇ. ಭಾನುವಾರದ ಮೊದಲ ಬಸ್ಸು, ಚೀಲದಲ್ಲಿ ನೀರಿನ ಬಾಟಲಿ, ಒಂದು ಕ್ಯಾಮೆರಾ, ಒಂದು ರೋಲು. ಮೈಸೂರಿನಿಂದ ಹೊರಟರೆ ಮೇಲುಕೋಟೆ ಸುಮಾರು 50 ಕಿಲೋಮೀಟರು. ಬಿಸಿಲೇರುವ ಮೊದಲೇ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತರೆ, ಕಂಬಗಳ ನೆರಳು ನೀರಿನಲ್ಲಿ ಅಲುಗುವುದನ್ನು ನೋಡುತ್ತಿರಬಹುದು. ಮೇಲೆ ಯೋಗಾನರಸಿಂಹನ ಬೆಟ್ಟ, ಆಚೆ ಪೂರ್ತಿಯಾಗದೆ ನಿಂತ ರಾಯಗೋಪುರ, ಮಧ್ಯಾಹ್ನಕ್ಕೆ ಪುಳಿಯೋಗರೆ. ಇಷ್ಟಕ್ಕೆ ಯಾರ ಅಪ್ಪಣೆಯೂ ಬೇಡ, ದೊಡ್ಡ ಖರ್ಚೂ ಇಲ್ಲ.

ಖರ್ಚು ಇದ್ದದ್ದು ರೋಲಿನದು. 35 ಮಿಲಿಮೀಟರ್ ಫಿಲ್ಮಿನ ಒಂದು ಸುರುಳಿಯಲ್ಲಿ 36 ಚಿತ್ರ. ಅದಕ್ಕೂ ಮೊದಲು ಮಧ್ಯಮ ವರ್ಗದ ಮನೆಗಳಲ್ಲಿ ಕಾಣುತ್ತಿದ್ದ ಆಗ್ಫಾ ಕ್ಲಿಕ್ 3 ಕ್ಯಾಮೆರಾದಲ್ಲಿ 12 ಮಾತ್ರ. ನಮ್ಮ ಪಕ್ಕದ ಊಟಿಯಲ್ಲಿ 1960ರಲ್ಲಿ ಆರಂಭವಾಗಿ, ಈಗ ಮುಚ್ಚಿಹೋಗಿರುವ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮನ್ನು ಹವ್ಯಾಸಿಗಳು ಕೊಳ್ಳುತ್ತಿದ್ದದ್ದು ಅದು ಕೈಗೆಟಕುವ ಬೆಲೆಯದೆಂಬ ಕಾರಣಕ್ಕೆ. ಆದರೂ ತೊಳೆಸುವುದು, ಪ್ರಿಂಟು ಹಾಕಿಸುವುದು ಎಲ್ಲ ಸೇರಿ ತಿಂಗಳಿಗೊಂದು ರೋಲೇ ಹೆಚ್ಚು. ಹಾಗಾಗಿ ಗುಂಡಿ ಒತ್ತುವ ಮೊದಲು ನಿಲ್ಲಬೇಕಾಗುತ್ತಿತ್ತು. ಬೆಳಕು ಎಲ್ಲಿಂದ ಬೀಳುತ್ತಿದೆ, ಹಿಂದೆ ಏನಿದೆ, ಇದು ಬೇಕೇ ಬೇಕೇ ಎಂದು ಎರಡು ಸಲ ಯೋಚಿಸಬೇಕಾಗುತ್ತಿತ್ತು. ಹಾಗೆ ನಿಂತಾಗಲೇ ಎದುರಿಗಿದ್ದ ಮನುಷ್ಯರು ನಮ್ಮನ್ನು ನೋಡುತ್ತಿದ್ದರು, ಮಾತಾಡಿಸುತ್ತಿದ್ದರು. ನನ್ನ ಪ್ರಶ್ನೆ ಹುಟ್ಟುವುದು ಅಲ್ಲಿ.

ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆ ನಮ್ಮ ಹಿರಿಯರಲ್ಲಿತ್ತು. ಓದು ಕಲಿತವರು ಅದಕ್ಕೆ ನಕ್ಕೆವು. ವಿಜ್ಞಾನದ ಲೆಕ್ಕದಲ್ಲಿ ನಗಬೇಕಾದದ್ದೇ. ಆದರೆ ಆ ನಂಬಿಕೆಯೊಳಗೆ ಒಂದು ವಿವೇಕವೂ ಅಡಗಿತ್ತೆಂದು ನನಗೀಗ ತೋರುತ್ತದೆ. ನನ್ನದೇನೋ ಒಂದನ್ನು ಈತ ಒಯ್ಯುತ್ತಿದ್ದಾನೆ, ಒಯ್ದು ಎಲ್ಲಿಡುತ್ತಾನೋ ಯಾರಿಗೆ ತೋರಿಸುತ್ತಾನೋ ನನಗೆ ಗೊತ್ತಾಗುವುದಿಲ್ಲ ಎಂಬ ಅಳುಕು ಅದು. ಆಯಸ್ಸು ಎಂಬುದು ಆ ಅಳುಕಿಗೆ ಅವರು ಇಟ್ಟ ಹೆಸರು.

ಆ ಅಳುಕು ನಮ್ಮ ಹಳ್ಳಿಗಳದಷ್ಟೇ ಅಲ್ಲ. ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಒಬ್ಬ ತಾಯಿಯ ಚಿತ್ರ ತೆಗೆದಳು. ಗಲ್ಲಕ್ಕೆ ಕೈ ತಾಗಿಸಿ ದೂರ ನೋಡುತ್ತಿರುವ ಆ ತಾಯಿ, ಅವಳ ಎರಡೂ ಹೆಗಲಿಗೆ ಮುಖ ಒತ್ತಿ ನಿಂತ ಮಕ್ಕಳು. ‘ವಲಸೆಗಾರ್ತಿ ತಾಯಿ’ ಎಂದು ಲೋಕವೆಲ್ಲ ಬಲ್ಲ ಚಿತ್ರ ಅದು. ಲ್ಯಾಂಗ್ ಆಕೆಯ ಹೆಸರು ಕೇಳಲಿಲ್ಲ. ವಯಸ್ಸು 32 ಎಂದು ಮಾತ್ರ ಬರೆದುಕೊಂಡಳು. ಚಿತ್ರಗಳು ಪತ್ರಿಕೆಯಲ್ಲಿ ಬಂದವು. ಸರ್ಕಾರ ಬಿಡಾರಕ್ಕೆ ಸುಮಾರು 9,000 ಕಿಲೋ ಆಹಾರ ಕಳಿಸಿತು. ಆ ಹೊತ್ತಿಗೆ ಆ ತಾಯಿ ಮಕ್ಕಳೊಡನೆ ಅಲ್ಲಿಂದ ಹೊರಟುಹೋಗಿದ್ದಳು. 1978ರಲ್ಲಿ ಒಂದು ಪತ್ರಿಕೆ ಆಕೆಯನ್ನು ಪತ್ತೆಹಚ್ಚಿತು. ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ತನ್ನ ಚಿತ್ರ ತೆಗೆಯದಿದ್ದರೇ ಚೆನ್ನಾಗಿತ್ತು ಎಂದು ಆಕೆ ಹೇಳಿದಳು. ಅದರಿಂದ ತನಗೆ ಒಂದು ಕಾಸೂ ಬರಲಿಲ್ಲವೆಂಬ ಕಹಿ ಇತ್ತು. ಅದಕ್ಕಿಂತ ನನ್ನನ್ನು ಚುಚ್ಚಿದ್ದು ಇನ್ನೊಂದು ದೂರು: ಒಂದು ಪ್ರತಿ ಕಳಿಸುತ್ತೇನೆಂದಿದ್ದಳು, ಕಳಿಸಲೇ ಇಲ್ಲ ಎಂಬುದು.

ಲ್ಯಾಂಗ್ ದುಷ್ಟಳಲ್ಲ. ಸರ್ಕಾರದ ಕೆಲಸಕ್ಕೆಂದು ತೆಗೆದ ಚಿತ್ರವಾದ್ದರಿಂದ ಅದರ ಮೇಲೆ ಅವಳಿಗೂ ರಾಯಧನ ಬರಲಿಲ್ಲ. ಹಸಿದವರ ಕಡೆಗೆ ಒಂದು ದೇಶದ ಕಣ್ಣು ತಿರುಗಿಸಿದ ಚಿತ್ರ ಅದು. ಅದನ್ನು ತೆಗೆಯಬಾರದಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ. ಆದರೂ ಎರಡು ಕಡೆಯೂ ನಿಜ ಇರುವಾಗ ಒಂದು ಕಡೆಯ ಲೆಕ್ಕ ಮಾತ್ರ ಓದಿ ಪುಸ್ತಕ ಮುಚ್ಚುವುದು ನ್ಯಾಯವಲ್ಲ. ಮಾತಾಡದೆ ಹೋದುದರಿಂದ ಕಥೆಯೂ ಕೆಟ್ಟಿತು. ಆ ಕುಟುಂಬ ಹೊಟ್ಟೆಗಾಗಿ ಕಾರಿನ ಟೈರುಗಳನ್ನು ಮಾರಿತ್ತು ಎಂದು ಲ್ಯಾಂಗ್ ಬರೆದಳು. ಹಾಗೇನೂ ಇರಲಿಲ್ಲ ಎಂದು ಮಗ ಮುಂದೆ ಹೇಳಿದ. 1998ರಲ್ಲಿ ಆ ಮುಖ ಅಮೆರಿಕದ ಅಂಚೆ ಚೀಟಿಯ ಮೇಲೂ ಬಂತು. ಕಾಗದಗಳ ಮೇಲೆ ಅಂಟಿ ಊರೂರಿಗೆ ಹೋದ ಆ ಮುಖ, ಅದರ ಒಡತಿಯ ಮನೆಗೆ ಮಾತ್ರ ಅಂಚೆಯಲ್ಲಿ ಬರಲಿಲ್ಲ.

ಲ್ಯಾಂಗಳ ಪರವಾಗಿ ಹೇಳಲು ಒಂದು ದೇಶದ ಹಸಿವಾದರೂ ಇದೆ. ಭಾನುವಾರದ ಹವ್ಯಾಸಿಗೆ ಏನಿದೆ? ನಾವು ತೆಗೆಯುವುದು ನಮ್ಮ ಸಂತೋಷಕ್ಕೆ. ಲೋಕೋದ್ಧಾರದ ನೆಪ ಇಲ್ಲದ ಮೇಲೆ ನಮ್ಮ ಸಾಲ ಇನ್ನೂ ಸ್ಪಷ್ಟವಾಗುತ್ತದೆ.

ಕಲ್ಯಾಣಿಯ ಮೆಟ್ಟಿಲ ಬಳಿ ಹೂವು ಮಾರುವ ಒಬ್ಬ ಅಜ್ಜಿಯಿಂದ ಈ ವಿಷಯದಲ್ಲಿ ನನಗೆ ಸರಿಯಾದ ಪಾಠವಾಯಿತು. ಬೆಳಗಿನ ಓರೆ ಬೆಳಕಿನಲ್ಲಿ ಬಾಗಿ ಹೂ ಕಟ್ಟುತ್ತಿದ್ದವಳ ಬೆರಳು, ಮುಖದ ಸುಕ್ಕು ನನಗೆ ಬೇಕಾಗಿದ್ದವು. ತೆಗೆಯಬಹುದೇ ಎಂದು ಕೇಳಿದೆ. “ತಗಿ ಮಗಾ. ನಂಗೂ ಒಂದು ಕೊಡ್ತೀಯಾ?” ಎಂದಳು. ಕೊಡುತ್ತೇನೆಂದೆ. ಕೂಡಲೇ ಹೂವಿನ ಬುಟ್ಟಿ ಪಕ್ಕಕ್ಕಿಟ್ಟು ಎದ್ದು, ಸೆರಗು ಸರಿಮಾಡಿಕೊಂಡು, ಎರಡೂ ಕೈ ಕೆಳಗೆ ಬಿಟ್ಟು, ಸೈನಿಕನ ಹಾಗೆ ನೆಟ್ಟಗೆ ನಿಂತಳು. “ಕಾಲೂ ಬರ್ಬೇಕು ಕಣಪ್ಪಾ” ಎಂಬ ಅಪ್ಪಣೆ ಬೇರೆ.

ಕ್ಯಾಮೆರಾ ಹಿಡಿದವರಿಗೆಲ್ಲ ಇದು ಗೊತ್ತು. ನಮಗೆ ಬೇಕಾದ ಚಿತ್ರ ಒಂದು, ಅವರಿಗೆ ಬೇಕಾದ ಚಿತ್ರ ಇನ್ನೊಂದು. ನಮಗೆ ಸುಕ್ಕು ಬೇಕು, ಹರಕು ಬೇಕು, ಅವರು ನಮ್ಮನ್ನು ಗಮನಿಸದ ಕ್ಷಣ ಬೇಕು. ಅವರಿಗೆ ಒಳ್ಳೆಯ ಸೀರೆ ಬೇಕು, ಪೂರ್ತಿ ಆಳು ಬೇಕು, ಕ್ಯಾಮೆರಾವನ್ನು ನೇರ ನೋಡುವ ಕಣ್ಣು ಬೇಕು. ನಾವು ಅವರನ್ನು ದೃಶ್ಯವೆಂದು ನೋಡುತ್ತೇವೆ. ಅವರು ತಮ್ಮನ್ನು ಮನುಷ್ಯರೆಂದು ತೋರಿಸಿಕೊಳ್ಳಬಯಸುತ್ತಾರೆ. ಅಜ್ಜಿಯ ಚಿತ್ರವನ್ನು ಅವಳು ನಿಂತ ಹಾಗೆಯೇ ತೆಗೆದೆ. ಆಮೇಲೆ ಕೂತು ಹೂ ಕಟ್ಟತೊಡಗಿದಾಗ ನನ್ನದನ್ನೂ ತೆಗೆದೆ. ರೋಲಿನಲ್ಲಿ ಎರಡು ಕಳೆದು ಉಳಿದದ್ದು 34.

ಪ್ರತಿ ಕೊಡಲು ಮತ್ತೆ ಹೋಗಬೇಕಾಯಿತು. ಫಿಲ್ಮಿನ ಕ್ರಮವೇ ಹಾಗಿತ್ತು. ರೋಲು ಮುಗಿಯಬೇಕು, ಕತ್ತಲಲ್ಲಿ ಅದನ್ನು ತೊಳೆಯಬೇಕು, ಹೈಪೋದಲ್ಲಿ ಅದ್ದಿ ನಿಲ್ಲಿಸಬೇಕು, ಒಣಗಬೇಕು, ಆಮೇಲೆ ಪ್ರಿಂಟು. ಹದಿನೈದು ದಿನವೋ ತಿಂಗಳೋ ಹಿಡಿಯುತ್ತಿತ್ತು. ಆ ಕಾಯುವಿಕೆಯಲ್ಲಿ ಮಾತು ಕೊಟ್ಟದ್ದು ನೆನಪಿನಲ್ಲಿರುತ್ತಿತ್ತು. ಸಣ್ಣ ಪ್ರವಾಸಕ್ಕೆ ಹೀಗೆ ಎರಡನೆಯ ಪ್ರವಾಸವೊಂದು ತಾನಾಗಿ ಹುಟ್ಟಿಕೊಳ್ಳುತ್ತಿತ್ತು. ಮೊದಲ ಸಲ ಹೋದವನು ಪ್ರವಾಸಿ. ಕವರಿನಲ್ಲಿ ಪ್ರಿಂಟು ಇಟ್ಟುಕೊಂಡು ಎರಡನೆಯ ಸಲ ಹೋದವನು ನೆಂಟ. ಅಜ್ಜಿ ತನ್ನ ಚಿತ್ರವನ್ನು ಬಹಳ ಹೊತ್ತು ನೋಡಿದಳು. ನನ್ನ ಇಷ್ಟದ ಚಿತ್ರದ ಪ್ರತಿಯನ್ನೂ ಕೊಟ್ಟಿದ್ದೆ. ಅದನ್ನು ಒಮ್ಮೆ ನೋಡಿ, “ಇದ್ಯಾಕೆ, ಮುದುಕಿ ಹಂಗಿದೀನಿ” ಎಂದು ವಾಪಸು ಕೊಟ್ಟಳು.

ನಗಬಹುದು. ಆದರೆ ನಮ್ಮ ಮನೆಗಳ ಗೋಡೆಯ ಮೇಲಿರುವ ಪಟಗಳನ್ನು ನೆನಪಿಸಿಕೊಳ್ಳಿ. ಎಷ್ಟೋ ಹಿರಿಯರಿಗೆ ಬದುಕಿದ್ದಾಗ ಒಂಟಿಯಾಗಿ ತೆಗೆಸಿಕೊಂಡ ಒಂದು ಫೋಟೋ ಇರಲಿಲ್ಲ. ಸತ್ತ ಮೇಲೆ ಯಾರದೋ ಮದುವೆಯ ಗುಂಪಿನಲ್ಲಿ ಹುಣಸೆಬೀಜದಷ್ಟಿದ್ದ ಮುಖವನ್ನು ಹುಡುಕಿ, ಸ್ಟುಡಿಯೋದವನಿಂದ ದೊಡ್ಡದು ಮಾಡಿಸಿ, ಕೋಟು ಬರೆಸಿ, ಹಣೆಗೆ ಕುಂಕುಮ ಇಡಿಸಿ ತೂಗುಹಾಕಿದ್ದೇವೆ. 1993ರಲ್ಲಿ ಚುನಾವಣಾ ಗುರುತಿನ ಚೀಟಿ ಬಂದ ಮೇಲೆ ಹಳ್ಳಿಯ ಎಷ್ಟೋ ಮುದುಕರು ಮೊದಲ ಸಲ ಕ್ಯಾಮೆರಾದ ಮುಂದೆ ಕೂತರು. ಸರ್ಕಾರ ತೆಗೆದದ್ದು ತನ್ನ ಅಗತ್ಯಕ್ಕೆ. ನಾವು ತೆಗೆಯುವುದು ನಮ್ಮ ಆನಂದಕ್ಕೆ. ಆ ಮನುಷ್ಯರಿಗಾಗಿಯೇ ಅವರ ಚಿತ್ರ ತೆಗೆದವರು ಕಡಿಮೆ. ನಮ್ಮ ಪುಟ್ಟ ಹವ್ಯಾಸ ಆ ಕೊರತೆಯನ್ನು ಅಲ್ಲೊಂದು ಇಲ್ಲೊಂದು ಕಡೆ ತುಂಬಬಹುದಾದರೆ, ಅಂಗಳದ ರಂಗೋಲಿಗಿಂತ ಹೆಚ್ಚಿನದೇ ಆಯಿತು.

ಈಗ ಫಿಲ್ಮಿನ ಹಂಗಿಲ್ಲ. ಫೋನಿನಲ್ಲಿ ತೆಗೆದು ಅಲ್ಲೇ ತೋರಿಸಬಹುದು. ಮಕ್ಕಳು ಮುತ್ತಿಕೊಂಡು ನೋಡಿ ಕೇಕೆ ಹಾಕುತ್ತಾರೆ. ಅವರಿಗೂ ಫೋನಿದ್ದರೆ ಚಿತ್ರ ಅದೇ ನಿಮಿಷ ಅವರ ಕೈ ಸೇರುತ್ತದೆ. ಇದು ಒಳ್ಳೆಯದೇ. ಹಿಂದೆ ತಿಂಗಳು ಹಿಡಿಯುತ್ತಿದ್ದ ಸಾಲ ನಿಂತ ಕಾಲಲ್ಲೇ ತೀರಿದ ಹಾಗೆ. ಹಾಗಾಗಿ ಪುಣ್ಯವೆಲ್ಲ ಫಿಲ್ಮಿನಲ್ಲಿತ್ತು ಎಂದು ನಾನು ಹೇಳಲಾರೆ. ಆದರೆ ಫಿಲ್ಮಿನ ಬಡತನ ನಮ್ಮನ್ನು ಬಲವಂತದಿಂದ ನಿಲ್ಲಿಸುತ್ತಿತ್ತು. ನೂರು ತೆಗೆದು ತೊಂಬತ್ತನ್ನು ಅಳಿಸಬಹುದಾದಾಗ ಯಾರನ್ನೂ ಕೇಳಬೇಕೆನಿಸುವುದಿಲ್ಲ. ಕದ್ದು ತೆಗೆದ ಅಪರಿಚಿತರ ಮುಖ ಸಂಜೆಯೊಳಗೆ ಸಾವಿರ ಜನರ ಫೋನು ಸೇರಿರುತ್ತದೆ. ಅಜ್ಜಂದಿರ ಆಯಸ್ಸಿನ ಅಳುಕು ಮೂಢನಂಬಿಕೆ ಎಂದು ನಕ್ಕ ನಾವೇ ಈಗ ನಮ್ಮ ಮಕ್ಕಳ ಚಿತ್ರ ಎಲ್ಲಿ ಹೋಗಿ ಸೇರುತ್ತದೋ ಎಂದು ಅಳುಕುತ್ತಿದ್ದೇವೆ. ಹಿಂದೆ ರೋಲು ಹಾಕಿಕೊಟ್ಟ ಮಿತಿಯನ್ನು ಈಗ ನಾವೇ ಹಾಕಿಕೊಳ್ಳಬೇಕಾಗಿದೆ. ಅದು ಕಷ್ಟ, ಬಡತನದಲ್ಲಿ ಉಪವಾಸ ಮಾಡುವುದಕ್ಕೂ ತುಂಬಿದ ಎಲೆಯ ಮುಂದೆ ಕೂತು ಸಾಕೆನ್ನುವುದಕ್ಕೂ ಇರುವ ವ್ಯತ್ಯಾಸ.

ಪ್ರತಿ ಕೇಳಲಾರದ ಸಾಲಿಗರೂ ಇದ್ದಾರೆ. ಹಕ್ಕಿಯ ಗೂಡಿನ ಚಿತ್ರ ಚೆನ್ನಾಗಿ ಬರಲೆಂದು ಮರೆಯಾಗಿದ್ದ ಎಲೆ, ರೆಂಬೆಗಳನ್ನು ಸರಿಸುವ, ಕತ್ತರಿಸುವ ರೂಢಿ ಹಿಂದೆ ಇತ್ತು. ಎಲೆಯ ಮರೆ ಹೋದರೆ ಮರಿಗಳಿಗೆ ನೆತ್ತಿಯ ಬಿಸಿಲು. ಕಾಗೆಗೆ ಗೂಡಿನ ವಿಳಾಸ ಬರೆದುಕೊಟ್ಟ ಹಾಗೆ. ಗಾಬರಿಯಾದ ತಾಯಿ ಗೂಡನ್ನೇ ಬಿಟ್ಟುಹೋಗುವುದುಂಟು. ತಿಳಿದವರು ಈಗ ಗೂಡಿನ ತಂಟೆಗೆ ಹೋಗುವುದಿಲ್ಲ. ಹಕ್ಕಿಗೆ ಅಂಚೆಯಲ್ಲಿ ಪ್ರತಿ ಕಳಿಸಲಾಗದು. ಅದರ ಸಾಲ ಮಾಡದೆ ಇರುವುದೊಂದೇ ನ್ಯಾಯದ ದಾರಿ. ಹೀಗೆ ತೆಗೆಯದೆ ಬಂದ ಚಿತ್ರಗಳೂ ನೆನಪಿನಲ್ಲಿ ಉಳಿಯುತ್ತವೆ, ಕೆಲವು ಸಲ ತೆಗೆದವಕ್ಕಿಂತ ಚೆನ್ನಾಗಿ.

ಹಾಗಾದರೆ ಸರಳ ಸುಖವೆಂದರೇನು? ಕಡಿಮೆ ಖರ್ಚಿನ ಸುಖ ಎಂದು ನಾವು ತಿಳಿದಿದ್ದೇವೆ. ನನ್ನ ಮಟ್ಟಿಗೆ ಅಷ್ಟು ಸಾಲದು. ಆ ಸುಖದ ಹಿಂದೆ ತಮ್ಮ ಪಾಲಿಗಾಗಿ ಯಾರೂ ಕಾಯುತ್ತಿರಬಾರದು. ಪುಳಿಯೋಗರೆ ಕೊಟ್ಟವನಿಗೆ ದುಡ್ಡು ಎಣಿಸಿ ಕೊಡುತ್ತೇವೆ, ಬಸ್ಸಿಗೆ ಟಿಕೆಟ್ ತೆಗೆಯುತ್ತೇವೆ (ಇಲ್ಲಿಯೂ ಅದೇ ‘ತೆಗೆ’). ಮುಖ ಕೊಟ್ಟವರಿಗೆ ಮಾತ್ರ ಒಂದು ಥ್ಯಾಂಕ್ಸ್ ಹೇಳಿ ಮುಂದೆ ನಡೆಯುವುದು ಸರಿಯಾಗಿ ಕಾಣುವುದಿಲ್ಲ.

ಈಚೆಗೆ ಕೆಲವು ಹುಡುಗ ಹುಡುಗಿಯರು ಮನೆಯ ಬೀರುವಿನಲ್ಲಿದ್ದ ಹಳೆಯ ಕ್ಯಾಮೆರಾ ಹೊರತೆಗೆದು ಮತ್ತೆ ಫಿಲ್ಮ್ ಹಾಕುತ್ತಿದ್ದಾರೆ. ಇಂಗ್ಲೆಂಡಿನಲ್ಲಿ ತಯಾರಾಗುವ ಇಲ್ಫರ್ಡ್ ಕಪ್ಪು ಬಿಳುಪು ರೋಲು ಇಂದಿಗೂ ಸಿಗುತ್ತದೆ. ಬೆಲೆ ಮಾತ್ರ ಹಿಂದಿಗಿಂತ ಬಹಳ ಹೆಚ್ಚು. ಯಾವ ಲೆನ್ಸ್ ಒಳ್ಳೆಯದು, ಯಾವ ಫಿಲ್ಮ್ ಹಾಕಲಿ ಎಂದು ಅವರು ಕೇಳುತ್ತಾರೆ. ಗೊತ್ತಿದ್ದಷ್ಟು ಹೇಳುತ್ತೇನೆ. ಜೊತೆಗೆ ಕ್ಯಾಮೆರಾ ಚೀಲದಲ್ಲಿ ಒಂದು ಪುಟ್ಟ ನೋಟ್‌ಬುಕ್ಕು, ಒಂದು ಪೆನ್ನು ಇಟ್ಟುಕೊಳ್ಳಿ ಎನ್ನುತ್ತೇನೆ. ಬೆಳಕಿನ ಲೆಕ್ಕ ಬರೆಯುವುದಕ್ಕಾ ಎಂದು ಒಬ್ಬ ಹುಡುಗ ಕೇಳಿದ. ಅದಕ್ಕೂ ಆದೀತು, ಆದರೆ ಮೊದಲು ವಿಳಾಸ ಬರೆದುಕೊಳ್ಳುವುದಕ್ಕೆ ಎಂದೆ.