ಬಾಗಿಲಾಚೆಗಿನ ಹೊಣೆ

ಬೆಳಿಗ್ಗೆ ಗಾಡಿಯವರ ಕೈಗೆ ಕಸದ ಚೀಲ ಕೊಟ್ಟು ಬಾಗಿಲು ಮುಚ್ಚಿದೊಡನೆ ನಮ್ಮ ಹೊಣೆ ಮುಗಿಯಿತೇ? ತೆರಿಗೆ ಕಟ್ಟುತ್ತೇವಲ್ಲ, ಉಳಿದದ್ದು ನಗರಪಾಲಿಕೆಯ ಕೆಲಸ ಎನ್ನುವವರು ನಮ್ಮಲ್ಲಿ ಬಹಳ ಮಂದಿ.

ಬೆಂಗಳೂರಿನವರೂ ಹಲವು ವರ್ಷ ಹಾಗೆಯೇ ತಿಳಿದಿದ್ದರು. ಅವರ ಕಸ ಊರಾಚೆಯ ಮಾವಳ್ಳಿಪುರ, ಮಂಡೂರುಗಳಲ್ಲಿ ಗುಡ್ಡವಾಗಿ ಬೆಳೆಯಿತು. ಅಡುಗೆಮನೆಯ ಹಸಿಕಸ, ಪ್ಲಾಸ್ಟಿಕ್, ಔಷಧಿಯ ಬಾಟಲಿ ಎಲ್ಲ ಒಟ್ಟಿಗೆ ಕೊಳೆತು ಇಳಿದ ಕಪ್ಪು ನೀರು ಅಲ್ಲಿಯ ಹಳ್ಳಿಗರ ನೀರನ್ನು ಕೆಡಿಸಿತು. ನಗರದವರು ಎಂದೂ ಕಾಣದ ಆ ಜನರೂ ನೆರೆಯವರೇ ತಾನೇ? 2012ರಲ್ಲಿ ಮಾವಳ್ಳಿಪುರಕ್ಕೆ ಕಸ ಹೋಗುವುದು ನಿಂತಿತು; ಅದು ನಗರದ ಬೀದಿಗಳಲ್ಲೇ ರಾಶಿ ಬಿತ್ತು. ಅದೇ ವರ್ಷ ಅಕ್ಟೋಬರಿನಿಂದ ಮನೆಯಲ್ಲೇ ಕಸ ಬೇರ್ಪಡಿಸುವುದು ಕಡ್ಡಾಯವಾಯಿತು. ವಾರ್ಡುಗಳಲ್ಲಿ ಒಣಕಸ ಸಂಗ್ರಹ ಕೇಂದ್ರಗಳು ಬಂದವು. ಕೆಲವನ್ನು, ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ ನಡೆಸತೊಡಗಿದರು.

“ನಾವು ಬೇರ್ಪಡಿಸಿ ಕೊಟ್ಟರೂ ಗಾಡಿಯಲ್ಲಿ ಬೆರೆಸಿಬಿಡುತ್ತಾರೆ, ಮತ್ತೇಕೆ ಈ ಶ್ರಮ?” ಎಂಬ ದೂರಿದೆ. ಎಷ್ಟೋ ಕಡೆ ಅದು ನಿಜವೇ, ಪಾಲಿಕೆಗೆ ಹೇಳಲೇಬೇಕು. ಆದರೆ ಇನ್ನೊಬ್ಬನ ತಪ್ಪಿನಿಂದ ನನ್ನ ಕರ್ತವ್ಯ ರದ್ದಾಗುವುದೇ? ದಾರಿಯ ಮುಳ್ಳು ಸರಿಸುವುದನ್ನು ಈಮಾನಿನ ಭಾಗವೆಂದು ಕಲಿತವರು ನಾವು. ನಾಳೆ ಯಾರೋ ಮತ್ತೆ ಎಸೆಯುವರೆಂದು ಇಂದಿನ ಮುಳ್ಳನ್ನು ಬಿಟ್ಟು ನಡೆಯುತ್ತೇವೆಯೇ? ಅದೂ ಇರಲಿ. ಅನ್ನದ ಜೊತೆ ಕಟ್ಟಿಟ್ಟ ಒಡೆದ ಗಾಜು ಪೌರಕಾರ್ಮಿಕ ಮಹಿಳೆಯ ಬೆರಳು ಕೊಯ್ದರೆ, ಅದು ಪಾಲಿಕೆಯ ಗಾಜಲ್ಲ, ನನ್ನ ಮನೆಯದು. ಇಂದು ನಿಮ್ಮಲ್ಲಿ ಲೋಟ ಒಡೆದರೆ ಚೂರುಗಳನ್ನು ದಪ್ಪ ಕಾಗದದಲ್ಲಿ ಸುತ್ತಿ ಬೇರೆ ಇಡಿರಿ; ಕೊಡುವಾಗ, “ಅಮ್ಮಾ, ಇದರಲ್ಲಿ ಗಾಜಿದೆ” ಎಂದು ಹೇಳಿರಿ.